ತೂಕ ಇಳಿಸುವ ಔಷಧ: ನಾಚಿಕೆ ಬೇಡ, ಎಚ್ಚರವಿರಲಿ

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಯಾವುದೇ ಮದುವೆ ಮನೆಗೆ ಹೋಗಿ ನೋಡಿ. ಸಲಾಮ್ ಹೇಳಿ ಮುಗಿಯುವುದರೊಳಗೆ ಎರಡನೆಯ ಮಾತು ಮೈಕಟ್ಟಿನ ಬಗ್ಗೆಯೇ ಇರುತ್ತದೆ. "ಏನಮ್ಮಾ, ಇಷ್ಟೊಂದು ದಪ್ಪ ಆಗಿಬಿಟ್ಟಿದ್ದೀಯಾ?" "ಮಗಳಿಗೆ ರಾತ್ರಿ ಅನ್ನ ಬಿಡಿಸಿ, ಇಲ್ಲದಿದ್ದರೆ ಗಂಡು ಸಿಗುವುದು ಕಷ್ಟ." ಹೇಳಿದವರು ಬಿರಿಯಾನಿಯ ತಟ್ಟೆ ಹಿಡಿದು ಮುಂದೆ ಹೋಗುತ್ತಾರೆ. ಕೇಳಿಸಿಕೊಂಡವಳು ಆ ಮಾತನ್ನು ಮನೆಗೆ ಹೊತ್ತುಕೊಂಡು ಬರುತ್ತಾಳೆ.

ಅದೇ ಮಹಿಳೆ ಆರು ತಿಂಗಳ ನಂತರ ತೆಳ್ಳಗಾಗಿ ಇನ್ನೊಂದು ಮದುವೆಗೆ ಬಂದರೆ ಆಗಲೂ ಮಾತು ತಪ್ಪುವುದಿಲ್ಲ. "ಶುಗರ್ ಬಂತಾ?" ಎಂದು ಒಬ್ಬರು ಕೇಳುತ್ತಾರೆ. "ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದಾಳಂತೆ, ಬಾಯಿ ಕಟ್ಟಲಾಗದವರಿಗೆ ಅದೇ ಸುಲಭ" ಎಂದು ಇನ್ನೊಬ್ಬರು ಪಿಸುಗುಡುತ್ತಾರೆ. ದಪ್ಪಗಿದ್ದರೂ ತಪ್ಪು, ಚಿಕಿತ್ಸೆ ಪಡೆದರೂ ತಪ್ಪು. ಹಾಗಾದರೆ ಆ ಸಹೋದರಿ ಏನು ಮಾಡಬೇಕು? ಅವಳು ಮಾಡುವುದು ಒಂದೇ: ಗುಟ್ಟಾಗಿ ಮಾಡುತ್ತಾಳೆ. ಗಂಡನಿಗೆ ಹೇಳುವುದಿಲ್ಲ, ಅತ್ತೆಗೆ ಹೇಳುವುದಿಲ್ಲ, ಬಹಳ ಸಲ ವೈದ್ಯರಿಗೂ ಹೇಳುವುದಿಲ್ಲ. ತೂಕ ಇಳಿಸುವ ಔಷಧಗಳ ಬಗ್ಗೆ ಈಗ ನಡೆಯುತ್ತಿರುವ ಚರ್ಚೆಯಲ್ಲಿ ಅತ್ಯಂತ ಅಪಾಯಕಾರಿಯಾದದ್ದು ಔಷಧವಲ್ಲ, ಈ ಗುಟ್ಟು.

ಏನಿದು ಹೊಸ ಔಷಧ?

ನಾವು ಊಟ ಮಾಡಿದಾಗ ನಮ್ಮ ಕರುಳಿನಿಂದ ಜಿಎಲ್‌ಪಿ-1 ಎಂಬ ಹಾರ್ಮೋನ್ ಹೊರಡುತ್ತದೆ. ಅದು ಮೇದೋಜೀರಕ ಗ್ರಂಥಿಗೆ ಇನ್ಸುಲಿನ್ ಬಿಡುವಂತೆ ಸೂಚನೆ ಕೊಡುತ್ತದೆ, ಹೊಟ್ಟೆಯಿಂದ ಆಹಾರ ಬೇಗನೆ ಮುಂದೆ ಹೋಗದಂತೆ ತಡೆಯುತ್ತದೆ, ಮೆದುಳಿಗೆ "ಸಾಕು" ಎಂದು ಹೇಳುತ್ತದೆ. ಈ ಹಾರ್ಮೋನನ್ನೇ ಹೋಲುವ, ಆದರೆ ದೇಹದಲ್ಲಿ ಬಹಳ ದಿನ ಉಳಿಯುವ ಔಷಧವನ್ನು ವಿಜ್ಞಾನಿಗಳು ತಯಾರಿಸಿದರು. ಅದರ ಹೆಸರು ಸೆಮಾಗ್ಲುಟೈಡ್. ಸಕ್ಕರೆ ಕಾಯಿಲೆಗಾಗಿ ಓಜೆಂಪಿಕ್ ಎಂಬ ಹೆಸರಿನಲ್ಲಿ 2017ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ತೂಕ ಇಳಿಸಲೆಂದೇ ವೆಗೋವಿ ಎಂಬ ಹೆಸರಿನಲ್ಲಿ 2021ರಲ್ಲಿ ಬಂತು. ಇದೇ ಜಾತಿಯ ಇನ್ನೊಂದು ಔಷಧ ಟಿರ್ಜೆಪಟೈಡ್. ಅದು ಎರಡು ಹಾರ್ಮೋನುಗಳ ಕೆಲಸ ಮಾಡುತ್ತದೆ.

ನಮ್ಮ ದೇಶಕ್ಕೆ ಸೆಮಾಗ್ಲುಟೈಡ್ ಮಾತ್ರೆ ರೈಬೆಲ್ಸಸ್ ಎಂಬ ಹೆಸರಿನಲ್ಲಿ 2022ರಲ್ಲಿ ಬಂತು. ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ ಮೌಂಜಾರೊ ಎಂಬ ಹೆಸರಿನಲ್ಲಿ ಬಂತು. ಅದೇ ವರ್ಷ ಜೂನ್‌ನಲ್ಲಿ ವೆಗೋವಿ ಬಂತು. ಈ ಎರಡೂ ವಾರಕ್ಕೊಮ್ಮೆ ಚರ್ಮದಡಿಗೆ ಚುಚ್ಚಿಕೊಳ್ಳುವ ಇಂಜೆಕ್ಷನ್‌ಗಳು.

ಫಲಿತಾಂಶ ಸುಳ್ಳಲ್ಲ. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 1,961 ಮಂದಿಯನ್ನು 68 ವಾರ ಗಮನಿಸಲಾಯಿತು. ಸೆಮಾಗ್ಲುಟೈಡ್ ಪಡೆದವರ ತೂಕ ಸರಾಸರಿ ನೂರಕ್ಕೆ ಸುಮಾರು 15ರಷ್ಟು ಇಳಿಯಿತು. ಔಷಧವಿಲ್ಲದ ಬರಿಯ ಇಂಜೆಕ್ಷನ್ ಪಡೆದವರಲ್ಲಿ ಇಳಿದದ್ದು ನೂರಕ್ಕೆ ಎರಡೂವರೆಯಷ್ಟೂ ಇಲ್ಲ. ಎರಡೂ ಗುಂಪಿನವರಿಗೆ ಆಹಾರ, ವ್ಯಾಯಾಮದ ಸಲಹೆ ಒಂದೇ ಆಗಿತ್ತು ಎಂಬುದನ್ನು ಗಮನಿಸಿ. 2023ರಲ್ಲಿ 17,604 ಮಂದಿಯ ಮೇಲೆ ನಡೆದ ಇನ್ನೊಂದು ಅಧ್ಯಯನದ ಫಲಿತಾಂಶ ಬಂತು. ಮೊದಲೇ ಹೃದ್ರೋಗವಿದ್ದ, ತೂಕ ಹೆಚ್ಚಿದ್ದ ಜನರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದಯ ಸಂಬಂಧಿ ಸಾವು ನೂರಕ್ಕೆ 20ರಷ್ಟು ಕಡಿಮೆಯಾಗಿತ್ತು. ಇದು ಕೇವಲ ಅಂದದ ಮಾತಲ್ಲ, ಆಯುಷ್ಯದ ಮಾತು ಎಂದು ವೈದ್ಯರು ಹೇಳುವುದು ಇದಕ್ಕೇ.

ದಪ್ಪವೆಂದರೆ ಸೋಮಾರಿತನವೇ?

ಬೆಳಿಗ್ಗೆ ಫಜ್ರ್‌ಗೆ ಎದ್ದು ರಾತ್ರಿ ಹನ್ನೊಂದಕ್ಕೆ ಮಲಗುವ ತಾಯಂದಿರನ್ನು ಸೋಮಾರಿಗಳೆಂದು ಕರೆಯಲು ಯಾರಿಗೆ ಬಾಯಿ ಬರುತ್ತದೆ? ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬ್ಯಾರನ್‌ಗಳಲ್ಲಿ ದಿನವಿಡೀ ಕುಳಿತು ಎಲೆ ಬೇರ್ಪಡಿಸುವವರು, ಮನೆಯ ಮೂಲೆಯಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವವರು, ಹೊಲಿಗೆ ಯಂತ್ರದ ಮುಂದೆ ಬಾಗಿರುವವರು ದುಡಿಯುವುದಿಲ್ಲವೇ? ದುಡಿಯುತ್ತಾರೆ, ಆದರೆ ಕುಳಿತೇ ದುಡಿಯುತ್ತಾರೆ. ಕೈ ಸೋಲುತ್ತದೆ, ಕಾಲಿಗೆ ನಡಿಗೆ ಇಲ್ಲ.

ಇದರ ಜೊತೆಗೆ ವಂಶದಿಂದ ಬಂದ ಮೈಕಟ್ಟಿದೆ. ಥೈರಾಯ್ಡ್ ತೊಂದರೆ ಇದೆ. ಹೆಣ್ಣುಮಕ್ಕಳ ಮುಟ್ಟನ್ನು ಏರುಪೇರು ಮಾಡುವ ಪಿಸಿಓಡಿ ಇದೆ. ಸ್ಟಿರಾಯ್ಡ್, ಇನ್ಸುಲಿನ್ ಮತ್ತು ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳೂ ತೂಕ ಹೆಚ್ಚಿಸುತ್ತವೆ. ಮೂರ್ನಾಲ್ಕು ಹೆರಿಗೆಯ ನಂತರ ಏರಿದ ತೂಕ ಇಳಿಯದೆ ಉಳಿಯುತ್ತದೆ. ಹಟ ಹಿಡಿದು ತೂಕ ಇಳಿಸಿದರೂ ದೇಹ ಸುಮ್ಮನಿರುವುದಿಲ್ಲ. ಕಳೆದುಕೊಂಡ ಕೊಬ್ಬನ್ನು ಮರಳಿ ಪಡೆಯಲು ಹಸಿವೆಯ ಹಾರ್ಮೋನನ್ನು ಹೆಚ್ಚಿಸುತ್ತದೆ. ಅದಕ್ಕೇ ಅನೇಕರು ಹತ್ತು ಕಿಲೋ ಇಳಿಸಿ ಹನ್ನೆರಡು ಕಿಲೋ ಏರಿಸಿಕೊಳ್ಳುವುದು.

ಇನ್ನೊಂದು ಸತ್ಯವನ್ನೂ ನಾವು ತಿಳಿಯಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 30 ಮಂದಿ ಅಧಿಕ ತೂಕ ಅಥವಾ ಬೊಜ್ಜು ಉಳ್ಳವರು. ಅದೇ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಅಂದರೆ ದಪ್ಪಗೆ ಕಾಣುವ ದೇಹದೊಳಗೂ ಪೌಷ್ಟಿಕತೆಯ ಕೊರತೆ ಇರಬಹುದು. ಎಲ್ಲರೂ ಉಂಡ ಮೇಲೆ ಉಳಿದ ಅನ್ನ, ಸಾರು, ಸಕ್ಕರೆ ಹಾಕಿದ ನಾಲ್ಕು ಲೋಟ ಚಹಾ ಇಷ್ಟರಲ್ಲೇ ದಿನ ಕಳೆಯುವ ಗೃಹಿಣಿಗೆ "ಊಟ ಬಿಡು" ಎಂದು ಹೇಳುವುದು ಸಲಹೆಯಲ್ಲ, ಕ್ರೌರ್ಯ.

ಪ್ರವಾದಿವರ್ಯರು(ಸ) ಏನು ಮಾಡಿದರು?

ದೇಹವನ್ನು ನೋಡಿ ನಗುವುದು ಇಂದಿನ ರೋಗವಲ್ಲ. ಹಝ್ರತ್ ಅಬ್ದುಲ್ಲಾ ಬಿನ್ ಮಸ್‌ಊದ್(ರ) ಮಿಸ್ವಾಕ್‌ಗಾಗಿ ಮರ ಹತ್ತಿದ್ದಾಗ ಗಾಳಿಗೆ ಅವರ ಬಟ್ಟೆ ಸರಿದು ಸಣಕಲು ಕಾಲುಗಳು ಕಂಡವು. ಕೆಳಗಿದ್ದವರು ನಕ್ಕರು. ಆ ಕಾಲುಗಳು ಪರಲೋಕದ ತಕ್ಕಡಿಯಲ್ಲಿ ಉಹುದ್ ಪರ್ವತಕ್ಕಿಂತಲೂ ಭಾರವಾಗುವುವೆಂದು ಹೇಳಿ ಪ್ರವಾದಿವರ್ಯರು(ಸ) ಆ ನಗುವನ್ನು ನಿಲ್ಲಿಸಿದರು. ಮನುಷ್ಯನನ್ನು ತೂಗುವ ತಕ್ಕಡಿಯೇ ಬೇರೆ ಎಂಬ ಪಾಠ ಅದು.

ವಿಶ್ವಾಸಿಗಳ ಮಾತೆ ಹಝ್ರತ್ ಸೌದಾ(ರ) ಸ್ಥೂಲಕಾಯದವರಾಗಿದ್ದರು, ನಿಧಾನವಾಗಿ ನಡೆಯುತ್ತಿದ್ದರು. ಹಜ್ಜ್ ಸಂದರ್ಭದಲ್ಲಿ ಮುಝ್ದಲಿಫಾದಿಂದ ಜನಜಂಗುಳಿ ಹೊರಡುವ ಮುನ್ನವೇ ಹೊರಡಲು ಅವರು ಅನುಮತಿ ಕೇಳಿದರು. ಪ್ರವಾದಿವರ್ಯರು(ಸ) ಅನುಮತಿ ನೀಡಿದರು. "ಇಷ್ಟು ದಪ್ಪ ಯಾಕಾದೆ?" ಎಂಬ ಪ್ರಶ್ನೆ ಅಲ್ಲಿ ಇಲ್ಲ. ಆರಾಧನೆಯ ನಡುವೆಯೂ ಆ ದೇಹಕ್ಕೆ ಬೇಕಾದ ರಿಯಾಯಿತಿ ಮಾತ್ರ ಇದೆ. ಬುಖಾರಿ ಮತ್ತು ಮುಸ್ಲಿಮ್ ಎರಡೂ ಗ್ರಂಥಗಳಲ್ಲಿ ಈ ಘಟನೆ ವರದಿಯಾಗಿದೆ.

ಹಝ್ರತ್ ಆಯಿಶಾರ(ರ) ಓಟದ ಸ್ಪರ್ಧೆಯ ಘಟನೆ ನಮ್ಮಲ್ಲಿ ಅನೇಕರಿಗೆ ಗೊತ್ತು. ಮೊದಲ ಸಲ ಅವರೇ ಗೆದ್ದರು. ಕೆಲವು ಕಾಲದ ನಂತರ ಮೈ ತುಂಬಿಕೊಂಡಿದ್ದಾಗ ಇನ್ನೊಮ್ಮೆ ಓಡಿದರು, ಆಗ ಪ್ರವಾದಿವರ್ಯರು(ಸ) ಗೆದ್ದರು. ಆ ಸೋಲಿಗೆ ಈ ಗೆಲುವು ಸರಿಹೋಯಿತೆಂದು ಸಲುಗೆಯಿಂದ ಹೇಳಿದರು. ಮೈ ಬದಲಾದದ್ದು ಅವರಿಬ್ಬರ ಸಲುಗೆಯನ್ನು ಕಡಿಮೆ ಮಾಡಲಿಲ್ಲ. ಪತ್ನಿ ದಪ್ಪಗಾದಳೆಂದು ಎರಡು ಮನೆಯವರ ಮುಂದೆ ಹಂಗಿಸುವ ಗಂಡಂದಿರು ಈ ಘಟನೆಯನ್ನು ಒಮ್ಮೆ ಓದಬೇಕು.

ಪವಿತ್ರ ಕುರ್‌ಆನ್‌ನ ಸೂರಾ ಅಲ್ ಹುಜುರಾತ್ ಪುರುಷರ ಪರಿಹಾಸ್ಯವನ್ನು ನಿಷೇಧಿಸಿದ ಮೇಲೆ ಮಹಿಳೆಯರು ಮಹಿಳೆಯರನ್ನು ಪರಿಹಾಸ್ಯ ಮಾಡುವುದನ್ನು ಬೇರೆಯಾಗಿಯೇ ಹೆಸರಿಸಿ ನಿಷೇಧಿಸಿದೆ. ಅಡ್ಡಹೆಸರಿಟ್ಟು ಕರೆಯುವುದನ್ನೂ ನಿಷೇಧಿಸಿದೆ. "ಮೋಟಿ", "ಡುಮ್ಮಿ", "ಡ್ರಮ್" ಎಂಬ ನಮ್ಮ ಮನೆಗಳ ಮುದ್ದಿನ ಹೆಸರುಗಳು ಯಾವ ಪಟ್ಟಿಗೆ ಸೇರುತ್ತವೆ ಎಂದು ನಾವೇ ಯೋಚಿಸೋಣ.

ಹಾಗೆಂದು ಹೊಟ್ಟೆಬಾಕತನಕ್ಕೆ ಇಸ್ಲಾಮ್ ಸಮ್ಮತಿ ಕೊಟ್ಟಿಲ್ಲ. ಉಣ್ಣಿರಿ, ಕುಡಿಯಿರಿ, ಆದರೆ ಮಿತಿ ಮೀರಬೇಡಿ ಎಂಬುದು ಸೂರಾ ಅಲ್ ಅಅ್‌ರಾಫ್‌ನ ಬೋಧನೆ. ಹೊಟ್ಟೆಯ ಮೂರನೆಯ ಒಂದು ಪಾಲನ್ನು ಮಾತ್ರ ಆಹಾರಕ್ಕೆ ಬಿಡಬೇಕೆಂಬ ಆಶಯದ ಹದೀಸ್ ತಿರ್ಮಿದಿಯಲ್ಲಿದೆ. ಆದರೆ ಈ ಬೋಧನೆ ಪ್ರತಿಯೊಬ್ಬರೂ ತಮ್ಮ ತಟ್ಟೆಗೆ ಅನ್ವಯಿಸಿಕೊಳ್ಳಬೇಕಾದದ್ದು. ಪಕ್ಕದವರ ಮೈಯನ್ನು ಅಳೆಯಲು ಕೊಟ್ಟ ಅಳತೆಗೋಲಲ್ಲ.

ಔಷಧ ತೆಗೆದುಕೊಂಡರೆ ತವಕ್ಕುಲ್ ಕಡಿಮೆಯಾದಂತೆಯೇ?

ಕೆಲವರು ಹಾಗೆ ವಾದಿಸುತ್ತಾರೆ. ಚಿಕಿತ್ಸೆ ಮಾಡಿಸಿಕೊಳ್ಳಿರೆಂದು ಪ್ರವಾದಿವರ್ಯರು(ಸ) ಸ್ಪಷ್ಟವಾಗಿ ಆದೇಶಿಸಿದ್ದಾರೆ. ಮುಪ್ಪಿನ ಹೊರತು ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಔಷಧವನ್ನು ಇಟ್ಟಿದ್ದಾನೆಂದು ತಿಳಿಸಿದ್ದಾರೆ. ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರ ಈಮಾನನ್ನು ನಾವು ಪ್ರಶ್ನಿಸುವುದಿಲ್ಲ. ಬೊಜ್ಜನ್ನೂ ದೀರ್ಘಕಾಲದ ಕಾಯಿಲೆ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸಿದೆ. 2025ರ ಡಿಸೆಂಬರ್‌ನಲ್ಲಿ ಈ ಔಷಧಗಳ ಬಳಕೆಗೆ ಮಾರ್ಗಸೂಚಿಯನ್ನೂ ಹೊರಡಿಸಿತು. ಆದರೆ ಔಷಧವೊಂದೇ ಸಾಲದು, ಆಹಾರ ಮತ್ತು ದೈಹಿಕ ಚಟುವಟಿಕೆ ಜೊತೆಗಿರಬೇಕೆಂದು ಅದರಲ್ಲಿ ಹೇಳಿದೆ.

ಮದ್ರಸದ ತರಗತಿ ಮುಗಿದ ಮೇಲೆ ತಾಯಂದಿರು ಕೇಳುವ ಇನ್ನೊಂದು ಪ್ರಶ್ನೆ, "ಇದರಲ್ಲಿ ಹಂದಿಯ ಅಂಶವಿದೆಯೇ?" ಹಿಂದೆ ಇನ್ಸುಲಿನ್ನನ್ನು ಹಂದಿ ಮತ್ತು ದನದ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದುದರಿಂದ ಈ ಅನುಮಾನ ಬಂದಿದೆ. ಸೆಮಾಗ್ಲುಟೈಡನ್ನು ಯೀಸ್ಟ್ ಕಣಗಳ ಸಹಾಯದಿಂದ ತಯಾರಿಸುತ್ತಾರೆ. ಬ್ರೆಡ್ ಉಬ್ಬಿಸಲು ಬಳಸುವುದೂ ಯೀಸ್ಟನ್ನೇ. ಟಿರ್ಜೆಪಟೈಡನ್ನು ಪ್ರಯೋಗಾಲಯದಲ್ಲಿ ರಾಸಾಯನಿಕವಾಗಿ ತಯಾರಿಸುತ್ತಾರೆ. ಆರ್ಲಿಸ್ಟಾಟ್ ಎಂಬ ಹಳೆಯ ಔಷಧ ಮಾತ್ರ ಕ್ಯಾಪ್ಸೂಲ್ ರೂಪದಲ್ಲಿ ಬರುತ್ತದೆ. ಅದರ ಹೊರಕವಚದ ಜೆಲಟಿನ್ ಯಾವುದೆಂದು ವಿಚಾರಿಸುವುದು ಒಳ್ಳೆಯದು.

ಉಪವಾಸದಲ್ಲಿ ಇಂಜೆಕ್ಷನ್? ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ 1997ರಲ್ಲಿ, ಪೋಷಣೆ ನೀಡದ ಇಂಜೆಕ್ಷನ್‌ನಿಂದ ಉಪವಾಸ ಮುರಿಯುವುದಿಲ್ಲವೆಂದು ನಿರ್ಣಯಿಸಿದೆ. ವಾರಕ್ಕೊಮ್ಮೆಯ ಇಂಜೆಕ್ಷನ್ ಆದುದರಿಂದ ಇಫ್ತಾರ್ ನಂತರ ತೆಗೆದುಕೊಂಡರೆ ಆ ಸಂಶಯವೂ ಇರದು. ಆದರೆ ವಾಂತಿ, ಭೇದಿ ಇದ್ದರೆ ಉಪವಾಸದಲ್ಲಿ ದೇಹದ ನೀರು ಬತ್ತಿಹೋಗುವ ಭಯವಿದೆ. ಆದ್ದರಿಂದ ರಮಝಾನ್‌ಗೆ ಮೊದಲೇ ವೈದ್ಯರ ಸಲಹೆ ಪಡೆಯಬೇಕು. ರಮಝಾನ್ ಹೊಸ್ತಿಲಲ್ಲಿ ಹೊಸದಾಗಿ ಆರಂಭಿಸದಿರುವುದು ಲೇಸು.

ಯಾರಿಗೆ ಬೇಕು, ಯಾರಿಗೆ ಬೇಡ?

ಇಲ್ಲಿ ಲೆಕ್ಕ ಮುಖ್ಯ. ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿಗೆ ಬಿಎಂಐ ಎನ್ನುತ್ತಾರೆ. ಭಾರತೀಯರಲ್ಲಿ ಅದು 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು. ಮಹಿಳೆಯರ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಬಾರದು. ಆದರೆ ಈ ಇಂಜೆಕ್ಷನ್‌ಗಳಿಗೆ ಅನುಮತಿ ಇರುವುದು ಬಿಎಂಐ 30 ಅಥವಾ ಅದಕ್ಕಿಂತ ಹೆಚ್ಚಿದ್ದವರಿಗೆ. ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ತೊಂದರೆಗಳಿದ್ದರೆ 27 ಇದ್ದರೂ ಆಗುತ್ತದೆ. ಐದು ಅಡಿ ಎತ್ತರದ ಮಹಿಳೆಗೆ 30 ಎಂದರೆ ಸುಮಾರು 70 ಕಿಲೋ, 27 ಎಂದರೆ ಸುಮಾರು 63 ಕಿಲೋ. ನಿಕಾಹ್‌ಗೆ ಮೂರು ತಿಂಗಳಿದೆ, 58 ಕಿಲೋದ ಮಗಳು 50ಕ್ಕೆ ಇಳಿಯಬೇಕು ಎಂದು ಓಡುವ ತಾಯಂದಿರಿಗೆ ಈ ಔಷಧ ಅಲ್ಲವೇ ಅಲ್ಲ.

ವಾಕರಿಕೆ, ವಾಂತಿ, ಭೇದಿ, ಮಲಬದ್ಧತೆ ಸಾಮಾನ್ಯ ಅಡ್ಡ ಪರಿಣಾಮಗಳು. ಪಿತ್ತಕೋಶದಲ್ಲಿ ಕಲ್ಲು, ಮೇದೋಜೀರಕ ಗ್ರಂಥಿಯ ಊತ ಅಪರೂಪ, ಆದರೆ ಗಂಭೀರ. ಬೆನ್ನಿಗೆ ಹರಡುವ ತೀವ್ರ ಹೊಟ್ಟೆನೋವು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ತಮಗಾಗಲಿ ಕುಟುಂಬದಲ್ಲಾಗಲಿ ಇದ್ದವರು ತೆಗೆದುಕೊಳ್ಳಬಾರದು. ಗರ್ಭಿಣಿಯರು, ಎದೆಹಾಲು ಕುಡಿಸುವವರು ಬಳಸಬಾರದು. ಮಗು ಬೇಕೆಂದಿರುವವರು ಸೆಮಾಗ್ಲುಟೈಡನ್ನು ಕನಿಷ್ಠ ಎರಡು ತಿಂಗಳ ಮೊದಲೇ ನಿಲ್ಲಿಸಬೇಕು. ಟಿರ್ಜೆಪಟೈಡ್ ಪಡೆಯುವವರಲ್ಲಿ ಗರ್ಭನಿರೋಧಕ ಮಾತ್ರೆಯ ಪರಿಣಾಮ ತಗ್ಗಬಹುದು. ಸಕ್ಕರೆ ಕಾಯಿಲೆಯ ಬೇರೆ ಔಷಧ ಪಡೆಯುವವರಲ್ಲಿ ಸಕ್ಕರೆ ವಿಪರೀತ ಇಳಿಯಬಹುದು. ಗುಟ್ಟಾಗಿ ತೆಗೆದುಕೊಂಡರೆ ಇದನ್ನೆಲ್ಲ ಹೇಳುವವರು ಯಾರು?

ಮತ್ತೊಂದು ವಿಷಯ. ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಔಷಧ ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದ ತೂಕದ ಮೂರನೆಯ ಎರಡು ಪಾಲು ಮರಳಿ ಬಂದುದನ್ನು ಅಧ್ಯಯನ ತೋರಿಸಿದೆ. ಅಂದರೆ ಇದು ಮೂರು ತಿಂಗಳ ಕೋರ್ಸ್ ಅಲ್ಲ. 2025ರಲ್ಲಿ ಮೌಂಜಾರೊ ಬಂದಾಗ ಅತಿ ಕಡಿಮೆ ಡೋಸಿನ ಒಂದು ವಾರದ ಬಾಟಲಿಗೆ 3,500 ರೂಪಾಯಿ, ತಿಂಗಳಿಗೆ 14,000 ರೂಪಾಯಿ ಇತ್ತು. ಮನೆಯೊಡತಿಗೆ ಸಿಗುವ ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಏಳು ತಿಂಗಳು ಕೂಡಿಟ್ಟರೆ ಒಂದು ತಿಂಗಳ ಔಷಧ! ಭಾರತದಲ್ಲಿ ಸೆಮಾಗ್ಲುಟೈಡ್‌ನ ಪೇಟೆಂಟ್‌ಗೆ 2026ರ ಮಾರ್ಚ್‌ವರೆಗೆ ಮಾತ್ರ ಅವಧಿ. ಹಾಗಾಗಿ ನಮ್ಮ ದೇಶದ ಕಂಪನಿಗಳು ತಯಾರಿಸಿದಷ್ಟೂ ಬೆಲೆ ಇಳಿಯುತ್ತದೆ. ಬೆಲೆ ಇಳಿದಷ್ಟೂ ನಮ್ಮ ಎಚ್ಚರ ಏರಬೇಕು.

ಗುಟ್ಟು ಕೊಡುವ ಪೆಟ್ಟು

ತೂಕ ಇಳಿಸುವ ಔಷಧಗಳ ಚರಿತ್ರೆ ಸಿಹಿಯಾದುದಲ್ಲ. ಫೆನ್‌ಫ್ಲುರಮೈನ್ ಎಂಬ ಔಷಧದಿಂದ ಹೃದಯದ ಕವಾಟಗಳು ಕೆಡುವುದು ಕಂಡುಬಂದು 1997ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ಸಿಬುಟ್ರಮೈನ್ ಹೃದಯಕ್ಕೆ ಅಪಾಯವೆಂದು 2010ರಲ್ಲಿ ಅಮೆರಿಕ, ಯುರೋಪಿನಲ್ಲಿ ನಿಂತಿತು, 2011ರಲ್ಲಿ ಭಾರತ ಸರಕಾರ ನಿಷೇಧಿಸಿತು. ಆದರೆ "ಶುದ್ಧ ಗಿಡಮೂಲಿಕೆ" ಎಂದು ಬರೆದ ಸ್ಲಿಮ್ಮಿಂಗ್ ಗುಳಿಗೆಗಳಲ್ಲಿ ಇದೇ ಸಿಬುಟ್ರಮೈನ್ ಬೆರೆತಿರುವುದನ್ನು ಅಮೆರಿಕದ ಔಷಧ ಇಲಾಖೆ ಮತ್ತೆ ಮತ್ತೆ ಪತ್ತೆ ಹಚ್ಚಿದೆ. ವಾಟ್ಸಪ್‌ನಲ್ಲಿ ಬರುವ ಪುಡಿ, ಪರಿಚಯದವರು ತಂದುಕೊಡುವ ಡಬ್ಬಿ ಇವುಗಳಲ್ಲಿ ಏನಿದೆ ಎಂದು ಹೇಳುವವರಿಲ್ಲ. ಥೈರಾಯ್ಡ್ ಕಾಯಿಲೆ ಇಲ್ಲದವರು ತೂಕ ಇಳಿಸಲೆಂದು ಥೈರಾಯ್ಡ್ ಮಾತ್ರೆ ನುಂಗುವುದಂತೂ ಹೃದಯದ ಜೊತೆ ಆಟವಾಡಿದಂತೆ.

ಹೊಸ ಇಂಜೆಕ್ಷನ್‌ಗಳಲ್ಲೂ ನಕಲಿ ಬಂದಿದೆ. ಬ್ರೆಜಿಲ್, ಬ್ರಿಟನ್, ಅಮೆರಿಕಗಳಲ್ಲಿ ನಕಲಿ ಓಜೆಂಪಿಕ್ ಸಿಕ್ಕಿರುವುದಾಗಿ 2024ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತು. ಅಸಲಿಯಾದರೂ ತೆರೆಯದ ಪೆನ್ನನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಗಲ್ಫ್‌ನಿಂದ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಬಂದ ಪೆನ್ನು, ಕರೆಂಟ್ ಹೋದ ಮೇಲೆ ದಿನವಿಡೀ ಬಿಸಿಯಾದ ಫ್ರಿಜ್ಜಿನ ಪೆನ್ನು ಎಷ್ಟು ನಂಬಲರ್ಹ?

ಬೆಂಗಳೂರಿನಲ್ಲಿ 2022ರ ಮೇ ತಿಂಗಳಲ್ಲಿ ಕನ್ನಡ ಧಾರಾವಾಹಿಗಳ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ಮೃತಪಟ್ಟಳು. ವಯಸ್ಸು 21. ಹೆತ್ತವರಿಗೆ ತಿಳಿಸದೆ ಆಸ್ಪತ್ರೆಗೆ ಹೋಗಿದ್ದಳೆಂದು ಆಗ ಪತ್ರಿಕೆಗಳು ಬರೆದವು. ಅದು ಔಷಧವಲ್ಲ, ಶಸ್ತ್ರಚಿಕಿತ್ಸೆ. ಆದರೆ ಇಪ್ಪತ್ತೊಂದರ ಹುಡುಗಿಗೆ ತನ್ನ ದೇಹ ಸರಿಯಿಲ್ಲವೆಂದು ಅನ್ನಿಸಿದ್ದು, ಅದನ್ನು ಮನೆಯಲ್ಲಿ ಹೇಳಿಕೊಳ್ಳಲಾಗದೆ ಹೋದದ್ದು ಎರಡನ್ನೂ ನಾವು ಮರೆಯಬಾರದು. ಅದು ಸಿನಿಮಾ ಲೋಕದ ಕಥೆ ಎಂದು ಪಕ್ಕಕ್ಕೆ ಸರಿಸುವಂತಿಲ್ಲ. ಹೆಣ್ಣು ನೋಡಲು ಬಂದವರು ಅಡಿಯಿಂದ ಮುಡಿಯವರೆಗೆ ಅಳೆಯುವ ನಮ್ಮ ಮನೆಗಳಲ್ಲೂ ಅದೇ ಒತ್ತಡವಿದೆ.

ಮೊದಲ ಹೆಜ್ಜೆ ಯಾವುದು?

ಮೂವತ್ತು ದಾಟಿದ ಪ್ರತಿಯೊಬ್ಬ ಮಹಿಳೆಯೂ ರಕ್ತದೊತ್ತಡ, ಸಕ್ಕರೆ, ತೂಕ, ಸೊಂಟದ ಅಳತೆಯನ್ನು ವರ್ಷಕ್ಕೊಮ್ಮೆಯಾದರೂ ನೋಡಿಸಿಕೊಳ್ಳಬೇಕು. ತಾಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಸಕ್ಕರೆ, ಬಿಪಿ ಪರೀಕ್ಷೆ ಉಚಿತ. ಥೈರಾಯ್ಡ್, ರಕ್ತಹೀನತೆಯ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ಅಗತ್ಯವೆಂದು ಅಲ್ಲಿನ ವೈದ್ಯರು ಹೇಳಿದರೆ ಮೈಸೂರಿನ ತಜ್ಞರನ್ನು ಕಾಣಿ. ಸರಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ಟಿಲ್ಲ, ಜೊತೆಗೆ ಗಂಡನನ್ನೋ ಮಗನನ್ನೋ ಕರೆದುಕೊಂಡು ಹೋದರೆ ಅವರಿಗೂ ವಿಷಯ ತಿಳಿಯುತ್ತದೆ.

ಔಷಧ ಬೇಕಾದವರಿಗೂ ಬೇಡವಾದವರಿಗೂ ಅಡುಗೆಮನೆಯ ಬದಲಾವಣೆ ಒಂದೇ. ಅನ್ನದ ರಾಶಿ ಕಡಿಮೆಯಾಗಲಿ. ಹುರುಳಿ, ಅವರೆಕಾಳು, ಕಡಲೆ, ಮೊಟ್ಟೆ, ಮೀನು, ಸೊಪ್ಪು ಹೆಚ್ಚಲಿ. ಚಹಾದ ಸಕ್ಕರೆ ಇಳಿಯಲಿ. ಇಫ್ತಾರ್‌ನ ಸಮೋಸಾ, ಬಜ್ಜಿಗಳು ದಿನನಿತ್ಯದ ಕಡ್ಡಾಯವಾಗದಿರಲಿ. ಎಣ್ಣೆಯ ಡಬ್ಬಿ ತಿಂಗಳಿಗೆ ಎಷ್ಟು ಖಾಲಿಯಾಗುತ್ತದೆ ಎಂದು ಲೆಕ್ಕವಿಡಿ. ಇದು "ದಪ್ಪಗಿರುವವಳಿಗೆ" ಬೇರೆ ತಟ್ಟೆಯಲ್ಲ, ಇಡೀ ಮನೆಗೆ ಒಂದೇ ಊಟವಾಗಬೇಕು. ಒಬ್ಬಳ ಮುಂದೆ ಸೊಪ್ಪಿಟ್ಟು ಉಳಿದವರು ಪರೋಟಾ ತಿಂದರೆ ಅದು ಶಿಕ್ಷೆಯಾಗುತ್ತದೆ.

ನಡಿಗೆಗೆ ಬಿಡುವು ಕೊಡಿ. ಸಂಜೆ ನಾಲ್ವರು ಮಹಿಳೆಯರು ಒಟ್ಟಾಗಿ ಊರ ಹೊರಗಿನ ರಸ್ತೆಯಲ್ಲಿ ಅರ್ಧ ಗಂಟೆ ನಡೆದರೆ "ಇವರಿಗೇನು ಕೆಲಸವಿಲ್ಲವೇ?" ಎಂದು ಕೇಳುವವರಿದ್ದಾರೆ. ಆ ಅರ್ಧ ಗಂಟೆ ಮಕ್ಕಳನ್ನು ನೋಡಿಕೊಳ್ಳುವುದು ಗಂಡಂದಿರ ಪಾಲಿನ ಚಿಕಿತ್ಸೆ. ಜಮಾಅತ್‌ಗಳು ಶಾದಿ ಮಹಲ್‌ನ ಅಂಗಳವನ್ನು ಬೆಳಿಗ್ಗೆ ಒಂದು ಗಂಟೆ ಮಹಿಳೆಯರಿಗೆಂದು ಬಿಟ್ಟುಕೊಟ್ಟರೆ ಖರ್ಚೇನೂ ಇಲ್ಲ.

ದೇಹವು ಅಲ್ಲಾಹನ ಅಮಾನತ್ತು. ಅದನ್ನು ಕಾಪಾಡಲು ಕೆಲವರಿಗೆ ಪಥ್ಯ ಸಾಕು, ಕೆಲವರಿಗೆ ಔಷಧವೂ ಬೇಕು. ಯಾರಿಗೆ ಯಾವುದೆಂದು ಹೇಳಬೇಕಾದವರು ಪರೀಕ್ಷಿಸಿದ ವೈದ್ಯರು, ಮದುವೆ ಮನೆಯ ನಾಲಿಗೆಗಳಲ್ಲ. ಮುಂದಿನ ಸಲ ಯಾವುದೇ ಸಹೋದರಿ ಎದುರಾದಾಗ ಸಲಾಮ್ ನಂತರದ ಎರಡನೆಯ ಮಾತು "ಹೇಗಿದ್ದೀಯಾ, ಆರೋಗ್ಯವೇ?" ಎಂದಾಗಿರಲಿ. ಅವಳು ಉತ್ತರಿಸಿದರೆ ಕೇಳಿಸಿಕೊಳ್ಳೋಣ. ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳದಿರೋಣ.